ಕೇರೆಹಾವನ್ನು ಕೊಂದ ಪುಸ್ತಕ

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಮಕ್ಕಳಿಗೆ ಕಥೆ ಹೇಳಲೆಂದು ಹೋಗಿದ್ದೆ. ಬಿಸಿಯೂಟದ ಕೋಣೆಯ ಹಿಂದೆ ಹುಡುಗರ ಗದ್ದಲ. ಹೋಗಿ ನೋಡಿದರೆ ಆಳುದ್ದದ ಕೇರೆಹಾವೊಂದು ತಲೆ ಜಜ್ಜಿಸಿಕೊಂಡು ಬಿದ್ದಿತ್ತು. "ಇಲಿ ಹಿಡಿದು ತಿನ್ನೋ ಹಾವು, ವಿಷವೂ ಇಲ್ಲ. ಯಾಕ್ರೋ ಹೊಡೆದ್ರಿ?" ಎಂದೆ. ಐದನೇ ತರಗತಿಯ ಒಬ್ಬ ಮುಂದೆ ಬಂದು, "ಇದು ಹಸು ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡೀತೈತೆ ಸಾರ್, ಪುಸ್ತಕದಾಗೇ ಬರ್ದೈತೆ" ಎಂದ.

ಅಜ್ಜಿ ಹೇಳಿದ್ದು ಎಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವನು ಓಡಿಹೋಗಿ ಲೈಬ್ರರಿಯ ಟ್ರಂಕಿನಿಂದ ಪುಸ್ತಕ ತಂದು ತೋರಿಸಿದ. ನುಣುಪಾದ ಕಾಗದ, ಕಣ್ಣು ಕುಕ್ಕುವ ಬಣ್ಣ. ಅದರಲ್ಲಿ ಹಾಗೆಯೇ ಅಚ್ಚಾಗಿತ್ತು. ಹಾವಿಗೆ ಕೆಚ್ಚಲು ಚೀಪಲು ಬೇಕಾದ ಮೆತ್ತನೆಯ ತುಟಿಗಳೇ ಇಲ್ಲ ಎಂಬ ಸಣ್ಣ ಸಂಗತಿ ಅದನ್ನು ಬರೆದವರಿಗೂ ಗೊತ್ತಿರಲಿಲ್ಲ, ಅಚ್ಚು ಹಾಕಿದವರಿಗೂ ಗೊತ್ತಿರಲಿಲ್ಲ. ಆರಿಸಿ ಶಾಲೆಗೆ ಕಳಿಸಿದವರಿಗೆ?

ಈ ಪ್ರಶ್ನೆ ಕೇಳುವಾಗ ನನಗೇ ನಾಚಿಕೆಯಾಗುತ್ತದೆ. ಇಂಥದೇ ಒಂದು ಪುಸ್ತಕ ಆಯ್ಕೆಯ ಸಭೆಯಲ್ಲಿ ನಾನೂ ಒಮ್ಮೆ ಕೂತಿದ್ದೆ. ಮೇಜಿನ ತುಂಬ ಪುಸ್ತಕ, ಕೈಯಲ್ಲಿ ಎರಡು ಗಂಟೆ ಸಮಯ. ಮಕ್ಕಳ ಕಾದಂಬರಿ ಎತ್ತಿಕೊಂಡರೆ ಕೇಳುತ್ತಿದ್ದ ಪ್ರಶ್ನೆ, "ಇದರಲ್ಲಿ ನೀತಿ ಏನಿದೆ?" ಪ್ರಾಣಿ ಪಕ್ಷಿಗಳ ಪುಸ್ತಕ ಎತ್ತಿಕೊಂಡರೆ, "ಚಿತ್ರ ಚೆನ್ನಾಗಿದೆಯಾ? ರಿಯಾಯಿತಿ ಎಷ್ಟು?" ಒಳಗೆ ಬರೆದದ್ದು ನಿಜವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಚಹಾ ಕುಡಿದು ಸಹಿ ಹಾಕಿ ಬಂದೆ.

ನಮ್ಮ ಅಳತೆಗೋಲುಗಳು ಅದಲುಬದಲಾಗಿವೆ ಎಂಬುದು ನನ್ನ ವಾದ. ಕಲ್ಪನೆಗೆ ಸ್ವಾತಂತ್ರ್ಯ ಬೇಕಾದ ಕಡೆ ನಾವು ಶಿಸ್ತು ಕೇಳುತ್ತಿದ್ದೇವೆ. ನಿಖರತೆ ಬೇಕಾದ ಕಡೆ ಬಣ್ಣ ನೋಡಿ ತೃಪ್ತರಾಗುತ್ತಿದ್ದೇವೆ.

ನಾನು ಉರ್ದು ಶಾಲೆಯಲ್ಲಿ ಅಕ್ಷರ ಕಲಿತವನು. ಮುಂದೆ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನರು ಮಕ್ಕಳಿಗಾಗಿ ಬರೆದ 'ಅಬ್ಬೂಖಾನ್ ಕಿ ಬಕ್ರಿ' ನನಗೆ ಸಿಕ್ಕಿದ್ದು ಆ ದಿನಗಳಲ್ಲಿ. ಚಾಂದನಿ ಎಂಬ ಮೇಕೆ ಅಕ್ಕರೆಯ ಯಜಮಾನನ ಹಗ್ಗ ಬಿಟ್ಟು ಬೆಟ್ಟಕ್ಕೆ ಓಡುತ್ತದೆ. ರಾತ್ರಿಯಿಡೀ ತೋಳದೊಂದಿಗೆ ಸೆಣಸಿ ಬೆಳಗಾಗುವಾಗ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳೆಲ್ಲ ತೋಳ ಗೆದ್ದಿತು ಎಂದರೆ ಒಂದು ಮುದಿ ಹಕ್ಕಿ ಮಾತ್ರ ಗೆದ್ದದ್ದು ಚಾಂದನಿ ಎನ್ನುತ್ತದೆ. ನಮ್ಮ ಸಮಿತಿಯ ಮುಂದೆ ಈ ಕಥೆ ಬಂದಿದ್ದರೆ? ಹಿರಿಯರ ಮಾತು ಮೀರುವುದನ್ನು ಕಲಿಸುತ್ತದೆ, ಕೊನೆಯಲ್ಲಿ ಸಾವಿದೆ, ಬೇಡ ಎಂದು ಬದಿಗಿಡುತ್ತಿದ್ದೆವು. ಆ ಕಥೆ ಓದಿ ಅತ್ತ ಹುಡುಗನೇ ಮುಂದೆ ಕಥೆ ಬರೆಯಲು ಕೂತ ಎಂಬುದನ್ನು ಯಾವ ಸಮಿತಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪುಣ್ಯಕೋಟಿಯ ಕಥೆ ಕೇಳಿ ಕಣ್ಣು ಒರೆಸಿಕೊಳ್ಳದ ಕನ್ನಡದ ಮಗು ಇಲ್ಲ. ಅದು ಕಥೆ. ಹುಲಿ ನಾಚಿ ಪ್ರಾಣ ಬಿಡುವುದು ಕಥೆಯ ಹಕ್ಕು. ಆದರೆ ಪ್ರಕೃತಿ ಪುಸ್ತಕ ಬರೆಯುವವನಿಗೆ ಹುಲಿಯನ್ನು ಕ್ರೂರಿ ಎಂದೋ ನರಿಯನ್ನು ಮೋಸಗಾರ ಎಂದೋ ಕರೆಯುವ ಹಕ್ಕಿಲ್ಲ. ಹುಲಿ ಮಾಂಸ ತಿನ್ನುವುದು ಪಾಪದಿಂದಲ್ಲ, ಅದರ ಹಲ್ಲು, ಹೊಟ್ಟೆ ಇರುವುದೇ ಹಾಗೆ. ಪ್ರಾಣಿಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸಲು ಕಲಿತ ಮಗು ನಾಳೆ ಅದೇ ತಕ್ಕಡಿಯಲ್ಲಿ ನೆರೆಮನೆಯವರನ್ನೂ ತೂಗೀತು ಎಂಬ ಭಯ ನನ್ನಂಥವನಿಗೆ ಇದ್ದೇ ಇರುತ್ತದೆ.

ನಮ್ಮವರೂ ಇದಕ್ಕೆ ಹೊರತಲ್ಲ. ನಮ್ಮ ಸಮುದಾಯದ ಪ್ರಕಾಶಕರು ತರುವ ಮಕ್ಕಳ ಪುಸ್ತಕಗಳಲ್ಲೂ ಬಹುಪಾಲು ಉಪದೇಶವೇ. ಜೇಡ, ಇರುವೆ, ಜೇನುನೊಣ ಬರುತ್ತವೆ, ಪಾಠ ಹೇಳಿ ಹೋಗುತ್ತವೆ. ಜೇಡಕ್ಕೆ ಕಾಲು ಎಂಟು ಎಂದು ಎಣಿಸಿ ನೋಡುವ ಕುತೂಹಲ ಹುಟ್ಟಿಸುವ ಪುಸ್ತಕ ಎಷ್ಟಿದೆ? ಸಲೀಂ ಅಲಿಯವರು ನಮ್ಮವರೆಂದು ಹೆಮ್ಮೆ ಪಡುತ್ತೇವೆ. ಆ ಹುಡುಗ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಗುರುತು ಕಂಡಿತು. ಇದು ಯಾವ ಹಕ್ಕಿ ಎಂದು ಕೇಳಿದಾಗ ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಗದರಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಒಂದು ಪ್ರಶ್ನೆಗೆ ಸಿಕ್ಕ ಮರ್ಯಾದೆಯಿಂದ ದೇಶಕ್ಕೆ ಒಬ್ಬ ಪಕ್ಷಿಶಾಸ್ತ್ರಜ್ಞ ಸಿಕ್ಕ.

ಕನ್ನಡದಲ್ಲಿ ಮಾದರಿಗಳಿಲ್ಲವೆಂದು ಯಾರೂ ಹೇಳಬೇಡಿ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗೆಂದು 'ಬಾಲಪ್ರಪಂಚ'ದ ಮೂರು ಸಂಪುಟ ತಂದರು. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮುಳುಗಡೆಯ ಸಂಕಟ ಮಕ್ಕಳಿಗೆ ಅರ್ಥವಾಗದು ಎಂದು ಅವರು ಭಾವಿಸಲಿಲ್ಲ.

ಎಳೆಯ ಮಕ್ಕಳಿಗೆ ನೀತಿ ಬೇಡವೇ ಎನ್ನುವವರಿದ್ದಾರೆ. ಬೇಕು. ಸುಳ್ಳು ಹೇಳಬಾರದು ಎಂಬುದೇ ಮೊದಲ ನೀತಿಯಾದರೆ, ಸುಳ್ಳು ಅಚ್ಚು ಹಾಕಿಸಿ ಹಂಚಬಾರದು ಎಂಬುದು ದೊಡ್ಡವರಿಗೆ ಇರುವ ನೀತಿ. ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. ಕಥೆಪುಸ್ತಕಗಳಿರುವ ಗ್ರಂಥಾಲಯ ಪ್ರತಿ ಶಾಲೆಗೂ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. 2018ರ ಸಮಗ್ರ ಶಿಕ್ಷಣ ಯೋಜನೆ ಅದಕ್ಕೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿ ಗೊತ್ತುಪಡಿಸಿತು. ದುಡ್ಡು ಕಡಿಮೆಯಿದ್ದಷ್ಟೂ ಆಯ್ಕೆ ಬಿಗಿಯಾಗಬೇಕು. ಮೂವತ್ತು ಪುಸ್ತಕವಿರುವ ಟ್ರಂಕಿನಲ್ಲಿ ಒಂದು ಕೆಟ್ಟ ಪುಸ್ತಕ ಒಂದು ಒಳ್ಳೆಯ ಪುಸ್ತಕದ ಜಾಗ ಕಿತ್ತುಕೊಂಡಿರುತ್ತದೆ.

ನಾನು ಕೇಳುವುದು ಮೂರೇ. ಪ್ರಕೃತಿ ಪುಸ್ತಕವನ್ನು ಆ ವಿಷಯ ಬಲ್ಲ ಒಬ್ಬರಾದರೂ ಓದಿ ತಿದ್ದಿರಬೇಕು, ಅವರ ಹೆಸರು ಪುಸ್ತಕದಲ್ಲಿರಬೇಕು. ಪೆಂಗ್ವಿನ್, ಜಿರಾಫೆಗಳ ಜೊತೆ ಮಗು ತನ್ನ ಹಿತ್ತಲಲ್ಲಿ ಕಾಣುವ ಗೀಜಗ, ಓತಿಕ್ಯಾತಗಳೂ ಇರಬೇಕು. ಕಾದಂಬರಿಯನ್ನು ಸಮಿತಿಗಿಂತ ಮೊದಲು ಹತ್ತು ಮಕ್ಕಳ ಕೈಗೆ ಕೊಡಬೇಕು. ಅವರು ನಡುವೆ ಮುಚ್ಚಿಟ್ಟರೆ ಅದರ ನೀತಿ ಎಷ್ಟೇ ದೊಡ್ಡದಿದ್ದರೂ ವಾಪಸು ಕಳಿಸಬೇಕು.

ಆ ದಿನ ಹುಡುಗನಿಗೆ ಪುಸ್ತಕ ತಪ್ಪು ಎಂದು ಹೇಳಿದೆ. ಅವನು ನನ್ನನ್ನು ಅನುಮಾನದಿಂದ ನೋಡಿದ. ಅಚ್ಚಾದದ್ದು ಸುಳ್ಳಾಗುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಅಂಥ ಸಭೆಗೆ ಕರೆದರೆ ಸಹಿ ಹಾಕುವ ಮೊದಲು ಓದುತ್ತೇನೆ. ನೀವೂ ನಿಮ್ಮೂರಿನ ಶಾಲೆಯ ಟ್ರಂಕು ಒಮ್ಮೆ ತೆಗೆಸಿ ನೋಡಿ.