ಈಜು ಕಲಿಕೆ: ನಗರದವರ ಹವ್ಯಾಸವೇ, ಎಲ್ಲರ ಅಗತ್ಯವೇ?

ಡಿಸೆಂಬರ್ ಬಂತೆಂದರೆ ಕರಾವಳಿಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ಕಾಣಿಸುತ್ತದೆ. ಒಳನಾಡಿನ ಜಿಲ್ಲೆಗಳಿಂದ ಬರುವ ಮಕ್ಕಳಲ್ಲಿ ಅನೇಕರಿಗೆ ಸಮುದ್ರದರ್ಶನ ಅದೇ ಮೊದಲು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿಯರು ಅಲೆಗಳಿಗೆ ಸಿಲುಕಿದರು. ಮೂವರನ್ನು ರಕ್ಷಿಸಲಾಯಿತು, ನಾಲ್ವರು ಪ್ರಾಣ ಕಳೆದುಕೊಂಡರು. ಅದಕ್ಕೆ ಮೂರು ವಾರ ಮೊದಲು, ನವೆಂಬರ್ 17ರಂದು, ಉಳ್ಳಾಲ ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟಿದ್ದರು. 2022ರ ನವೆಂಬರ್ 26ರಂದು ಬೆಳಗಾವಿಯ ಗಡಿಯಾಚೆಗಿನ ಕಿತವಾಡ ಜಲಪಾತದಲ್ಲಿ ವಿಹಾರಕ್ಕೆ ಹೋಗಿದ್ದ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು.

ಮೂರು ಘಟನೆ, ಹನ್ನೊಂದು ಸಾವು. ಸತ್ತವರೆಲ್ಲರೂ ಹೆಣ್ಣುಮಕ್ಕಳು. ಒಟ್ಟು ಲೆಕ್ಕದಲ್ಲಿ ನೀರಿಗೆ ಬಲಿಯಾಗುವವರಲ್ಲಿ ಗಂಡಸರೇ ಹೆಚ್ಚು ಎಂಬುದು ನಿಜ. ಆದರೆ ನಮ್ಮಲ್ಲಿ ಈಜು ಯಾರಿಗೆ ಕಲಿಸಲಾಗಿದೆ, ಯಾರಿಗೆ ಕಲಿಸಲಾಗಿಲ್ಲ ಎಂಬ ಪ್ರಶ್ನೆಯನ್ನು ಈ ಹನ್ನೊಂದು ಸಾವುಗಳು ನಮ್ಮ ಮುಂದಿಡುತ್ತವೆ. ದುರಂತ ನಡೆದಾಗಲೆಲ್ಲ ಪ್ರವೇಶ ನಿಷೇಧ, ತನಿಖೆ, ಪರಿಹಾರ ಘೋಷಣೆ ಆಗುತ್ತವೆ. ಇವೆಲ್ಲವೂ ಸಾವಿನ ನಂತರದ ಕೆಲಸಗಳು. ಸಾವಿಗೆ ಮೊದಲು ಮಾಡಬೇಕಾದ ಕೆಲಸದ ಬಗ್ಗೆ ಚರ್ಚೆ ಮಾತ್ರ ಅಪರೂಪ.

ನೀರಿದೆ, ಕಲಿಯಲು ಜಾಗವಿಲ್ಲ

ಬಸ್ಸು ಹತ್ತಿ ಬರುವ ಮಕ್ಕಳ ಊರನ್ನು ಒಮ್ಮೆ ನೋಡೋಣ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನಲ್ಲಿ ನಾಗನೂರ ಎಂಬ ಊರಿದೆ. ಪಟ್ಟಣ ಪಂಚಾಯಿತಿಯಾಗಿರುವ ಈ ಊರು ಸರಕಾರದ ಲೆಕ್ಕದಲ್ಲಿ ನಗರ ಪ್ರದೇಶವೇ. ಕಡಲಿಲ್ಲದ ಊರು ಎಂದ ಮಾತ್ರಕ್ಕೆ ನೀರಿನ ಅಪಾಯ ಇಲ್ಲವೆಂದಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. 1897ರಲ್ಲಿ ಕಟ್ಟಿದ ಧೂಪದಾಳ ಅಡ್ಡಗಟ್ಟೆಯಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಈ ಸೀಮೆಯ ಕಬ್ಬು, ಗೋವಿನಜೋಳಗಳಿಗೆ ನೀರುಣಿಸುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನುಗ್ಗಿದ್ದನ್ನು ಆ ಭಾಗದ ಜನ ಮರೆತಿಲ್ಲ.

ಕಾಲುವೆಯ ನೀರು ನೋಡಲು ಶಾಂತ. ಆದರೆ ಕಾಂಕ್ರೀಟ್ ಹಾಕಿದ ಇಳಿಜಾರು ದಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಸೆಳವು ಒಳಗಿರುತ್ತದೆ. ಬಟ್ಟೆ ಒಗೆಯಲು, ದನಗಳ ಮೈ ತೊಳೆಯಲು ಇಳಿದವರು ಜಾರಿದರೆ ಮೇಲೆ ಬರುವುದು ಕಷ್ಟ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳ ಕಥೆಯೂ ಇದೇ. ನಮ್ಮ ರಾಜ್ಯದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿ ಹಾಕಲು ಅವಕಾಶ ಕಲ್ಪಿಸಿದ್ದು ಇದೇ ಕಾರಣಕ್ಕೆ.

ಹಿಂದೆ ಉತ್ತರ ಕರ್ನಾಟಕದ ಹುಡುಗರು ಈಸಲು ಕಲಿಯುತ್ತಿದ್ದುದು ತೋಟದ ಬಾವಿಗಳಲ್ಲಿ. ನಡುವಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಅಣ್ಣನೋ ಮಾವನೋ ನೀರಿಗೆ ಇಳಿಸುತ್ತಿದ್ದರು. ನಮ್ಮ ಕರಾವಳಿಯ ಕೆರೆಗಳಲ್ಲಿ ಆ ಕೆಲಸವನ್ನು ಜೋಡಿ ಒಣ ತೆಂಗಿನಕಾಯಿ ಮಾಡುತ್ತಿತ್ತು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಕಲಿಸುವವರೂ ಕಡಿಮೆಯಾದರು. ಹೆಣ್ಣುಮಕ್ಕಳಿಗಂತೂ ಆ ಕಲಿಕೆ ಆಗಲೂ ವಿರಳವಾಗಿಯೇ ದಕ್ಕುತ್ತಿತ್ತು.

ಬಾವಿಯ ಜಾಗಕ್ಕೆ ಈಗ ಈಜುಕೊಳ ಬಂದಿದೆ, ಆದರೆ ದೊಡ್ಡ ನಗರಗಳಲ್ಲಿ ಮಾತ್ರ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಸುವರ್ಣ ಜೆ.ಎನ್.ಎಂ.ಸಿ. ಈಜುಕೊಳವಿದೆ. ಮಂಗಳೂರಿನಲ್ಲಿ ಮಹಾನಗರ ಪಾಲಿಕೆಯ ಮಂಗಳಾ ಈಜುಕೊಳದ ಜೊತೆಗೆ, ಸ್ಮಾರ್ಟ್ ಸಿಟಿ ಯೋಜನೆಯಡಿ ಎಮ್ಮೆಕೆರೆಯಲ್ಲಿ ಅಂತಾರಾಷ್ಟ್ರೀಯ ಮಟ್ಟದ ಈಜುಕೊಳ 2023ರಲ್ಲಿ ಉದ್ಘಾಟನೆಯಾಯಿತು. ಇವು ಒಳ್ಳೆಯ ಸೌಲಭ್ಯಗಳೇ. ಆದರೆ ನಾಗನೂರಿನ ಕೂಲಿಕಾರನ ಮಗಳು ಬೆಳಗಾವಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಮಂಗಳೂರಿನಲ್ಲೇ ಇರುವ ಬಡ ಕುಟುಂಬಕ್ಕೂ ಶುಲ್ಕ, ಈಜುಡುಗೆ, ಸಮಯ ಎಲ್ಲವೂ ಅಡ್ಡಿಗಳೇ. ಹೀಗೆ ಜೀವ ಉಳಿಸುವ ಒಂದು ವಿದ್ಯೆ, ಅನುಕೂಲಸ್ಥರ ಬೇಸಿಗೆ ರಜೆಯ ಹವ್ಯಾಸವಾಗಿ ಉಳಿದಿದೆ.

ಬಾಂಗ್ಲಾದೇಶ ಕಲಿಸುವ ಪಾಠ

ವಿಶ್ವಸಂಸ್ಥೆ 2021ರ ಏಪ್ರಿಲ್‌ನಲ್ಲಿ ನಿರ್ಣಯ ಕೈಗೊಂಡು ಜುಲೈ 25ನ್ನು ಮುಳುಗು ಸಾವು ತಡೆ ದಿನವೆಂದು ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಮುಳುಗಿ ಸತ್ತರು. ಹತ್ತರಲ್ಲಿ ಒಂಬತ್ತು ಸಾವುಗಳು ನಡೆದದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದಾಖಲಿಸಿದ ಇಂತಹ ಸಾವುಗಳು 38 ಸಾವಿರಕ್ಕೂ ಹೆಚ್ಚು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಇದರ ತಡೆಗೆ ಒಂದು ಕಾರ್ಯನೀತಿಯನ್ನೂ ಪ್ರಕಟಿಸಿತು.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕೆಂದು ಕೈಚೆಲ್ಲುವವರು ಬಾಂಗ್ಲಾದೇಶವನ್ನು ನೋಡಬೇಕು. ಅಲ್ಲಿ ಊರಿನ ಕೆರೆಯಲ್ಲೇ ಬಿದಿರಿನ ಚೌಕಟ್ಟು ಕಟ್ಟಿ, ಆಳ ಮಿತಗೊಳಿಸಿ, ತರಬೇತಿ ಪಡೆದ ಊರಿನವರೇ ಮಕ್ಕಳಿಗೆ ಕಲಿಸುತ್ತಾರೆ. ಪದಕ ಗೆಲ್ಲುವುದು ಅಲ್ಲಿನ ಗುರಿಯಲ್ಲ. 25 ಮೀಟರ್ ಈಜಬೇಕು, ತೇಲಬೇಕು, ಮುಳುಗುತ್ತಿರುವವರನ್ನು ನೀರಿಗೆ ಇಳಿಯದೆ ಉಳಿಸಲು ಕಲಿಯಬೇಕು. ಇಷ್ಟೇ ಪಾಠ. ಆರು ವರ್ಷ ದಾಟಿದ ಮಕ್ಕಳಿಗೆ ಇಷ್ಟನ್ನು ಕಲಿಸುವುದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವ ಮುಖ್ಯ ಕ್ರಮಗಳಲ್ಲಿ ಒಂದು.

ಈಜು ಬಂದರೆ ಸಾಕೇ ಎಂದರೆ, ಸಾಲದು. ಈಜು ಬಲ್ಲವರೂ ಮದ್ಯ ಸೇವಿಸಿ ಅಥವಾ ಮಳೆಗಾಲದ ಕಡಲಿಗಿಳಿದು ಸತ್ತಿದ್ದಾರೆ. ಎಲ್ಲಿ ಇಳಿಯಬಾರದು ಎಂಬ ತಿಳಿವಳಿಕೆಯೂ ಈ ಪಾಠದ ಭಾಗವೇ.

ನಾವು ಮಾಡಬಹುದಾದ್ದು

ಪಟ್ಟಣ ಪಂಚಾಯಿತಿಗಳು, ನೀರಾವರಿ ನಿಗಮಗಳು ಮಾಡಬೇಕಾದ ಕೆಲಸಗಳಿವೆ. ಜನ ಇಳಿಯುವ ಕಡೆ ಕಾಲುವೆಗೆ ಮೆಟ್ಟಿಲು, ಹಿಡಿಯಲು ಸರಪಳಿ, ಹೊಂಡಕ್ಕೆ ಬೇಲಿ, ತಾಲೂಕಿಗೊಂದು ಸಣ್ಣ ಕಲಿಕಾ ಕೊಳ ಇವುಗಳನ್ನು ಒತ್ತಾಯಿಸಿ ಕೇಳಬೇಕು. ನಗರದ ಕೊಳಗಳಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಉಚಿತ ಸಮಯ, ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರು, ಮೈಮುಚ್ಚುವ ಸಾಧಾರಣ ಉಡುಗೆಗೆ ಅನುಮತಿ ಸಿಗಬೇಕು.

ಆದರೆ ಸರಕಾರ ಮಾಡಲಿ ಎಂದು ನಾವು ಕಾಯಬೇಕಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಸಭಾಭವನವಿದೆ, ಯುವಜನರಿದ್ದಾರೆ, ಮೀನುಗಾರರ ಮನೆಗಳಿವೆ, ಶಾಲೆಗಳಿವೆ. ವಾಳೆಯ ವಿಹಾರ ಕೂಟ ಹೊರಡುವ ಮುನ್ನ ಗುರಿಕಾರರು ಕೆಲವೇ ವಿಷಯ ಖಚಿತಪಡಿಸಿಕೊಂಡರೂ ಜೀವ ಉಳಿದೀತು: ನೀರಿನ ಬಳಿ ಮಕ್ಕಳ ಮೇಲೆ ಕಣ್ಣಿಡುವ ಹೊಣೆ ಇಂಥವರದ್ದೇ ಎಂದು ಹೆಸರು ಹೇಳಿ ಒಪ್ಪಿಸುವುದು, ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯದಿರುವುದು, ಬಸ್ಸಿನಲ್ಲಿ ಒಂದು ಉದ್ದ ಹಗ್ಗ ಇಟ್ಟುಕೊಳ್ಳುವುದು.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಸಾಯುವುದು ಹೀಗೆಯೇ. ಹಗ್ಗ, ಸೀರೆ, ಕೋಲು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು ಅಥವಾ ಚಾಚಬೇಕು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿಯುವುದು ತಪ್ಪು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಲು ಆರಂಭಿಸಬೇಕು. ಜೊತೆಗಿದ್ದವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಇದನ್ನು ಕಲಿಸಲು ಈಜುಕೊಳ ಬೇಕಿಲ್ಲ, ಭಾನುವಾರದ ಪೂಜೆಯ ಬಳಿಕ ಒಂದು ಗಂಟೆ ಸಾಕು.

ಮಕ್ಕಳಿಗೆ ಅಕ್ಷರ ಕಲಿಸುವುದನ್ನು ನಮ್ಮ ಹಿರಿಯರು ಹೊಣೆಯೆಂದು ಭಾವಿಸಿದರು. ಆದುದರಿಂದಲೇ ನಮ್ಮ ಚರ್ಚ್‌ಗಳ ಪಕ್ಕ ಶಾಲೆಗಳು ಎದ್ದು ನಿಂತವು. ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಪಾಠವೂ ಅದೇ ಹೊಣೆಯ ಇನ್ನೊಂದು ಭಾಗ. ಮುಂದಿನ ಜುಲೈ 25ರೊಳಗೆ ನಮ್ಮ ಪ್ರತಿ ಪಾಲನಾ ಮಂಡಳಿಯೂ ಈ ವಿಷಯವನ್ನು ಒಮ್ಮೆ ತನ್ನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಲಿ ಎಂಬುದು ನಮ್ಮ ಕೋರಿಕೆ.