ಹುಲ್ಲಿನ ಮೇಲೆ ನಿಂತ ಬಂಡಿ

ಭಾರತ ಹುಣ್ಣಿಮೆ ಬಂದರೆ ಹಾವೇರಿ ಸೀಮೆಯಿಂದ ಮೈಲಾರದ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವುದು ಹಳೆಯ ರೂಢಿ. ಚಕ್ಕಡಿಯ ಮೇಲೆ ಕಮಾನು ಕಟ್ಟಿ ಹೊದಿಸಿದರೆ ಕೊಲ್ಲಾರಿ ಬಂಡಿ ತಯಾರು. ಒಳಗೆ ಹುಲ್ಲು ಹಾಸಿ ಮೇಲೆ ಕೌದಿ. ಒಂದು ಮೂಲೆಗೆ ರೊಟ್ಟಿ ಬುತ್ತಿ, ಇನ್ನೊಂದು ಮೂಲೆಗೆ ಅಜ್ಜಿ. ಇಂಗ್ಲೆಂಡ್, ಕೆನಡಾದಲ್ಲಿರುವ ನಮ್ಮವರು ಮೋಟರ್‌ಹೋಮ್ ಎನ್ನುತ್ತಾರಲ್ಲ, ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಗಾಡಿ, ಅದು ಈ ಬಂಡಿಯ ಮೊಮ್ಮಗ ಎಂದು ತಿಳಿಯಿರಿ ಮಕ್ಕಳೇ. ಎತ್ತು ಮಾತ್ರ ಇಲ್ಲ.

ಎರಡಕ್ಕೂ ಸುಮ್ಮನೆ ನಿಲ್ಲುವ ಕಾಲವೊಂದಿದೆ. ಅಲ್ಲಿ ಚಳಿಗಾಲ, ನಮ್ಮಲ್ಲಿ ಮಳೆಗಾಲ. ಆಗ ಎಲ್ಲರಿಗೂ ಕಾಣುವುದು ಹಿತ್ತಲಿನ ಹುಲ್ಲು. ಮೆತ್ತಗಿದೆ, ಹಸಿರಾಗಿದೆ, ಬಾಡಿಗೆಯೂ ಇಲ್ಲ. ಆದರೆ ತಿಂಗಳುಗಟ್ಟಲೆ ಗಾಡಿ ಬಿಡಲು ಅಷ್ಟು ಕೆಟ್ಟ ಜಾಗ ಮತ್ತೊಂದಿಲ್ಲ.

ಯಾಕೆಂದು ಲೆಕ್ಕ ಹಾಕೋಣ, ಅದು ನನ್ನ ಹಳೆಯ ಚಟ. 3,500 ಕಿಲೋ ತೂಗುವ ಮೋಟರ್‌ಹೋಮ್ ಒಂದಿದೆ ಎನ್ನಿ. ನಾಲ್ಕು ಗಾಲಿಗೆ ಹಂಚಿದರೆ ಒಂದಕ್ಕೆ 875 ಕಿಲೋ. ಗಾಳಿ ತುಂಬಿದ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 175 ಚದರ ಸೆಂಟಿಮೀಟರ್, ಅಂಚೆ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೇ. ಅಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ 5 ಕಿಲೋ ಭಾರ. ಒಣಗಿದ ನೆಲ ಇದನ್ನು ತಾಳೀತು. ನೆನೆದ ನೆಲ ತಾಳದು, ಅದರಲ್ಲೂ ಎರೆ ಮಣ್ಣು ನೀರು ಕುಡಿದು ಉಬ್ಬಿ ಬೆಣ್ಣೆಯಂತಾಗುತ್ತದೆ. ಈಗ ಟೈರಿನ ಕೆಳಗೆ 60 ಸೆಂಟಿಮೀಟರ್ ಉದ್ದ, 30 ಅಗಲದ ದಪ್ಪ ಹಲಗೆ ಇಡಿ. ಜಾಗ 1,800 ಚದರ ಸೆಂಟಿಮೀಟರ್ ಆಯಿತು, ಭಾರ ಅರ್ಧ ಕಿಲೋಗೆ ಇಳಿಯಿತು. ಹತ್ತರಲ್ಲಿ ಒಂದು ಪಾಲು! ಹಲಗೆ ತೆಳುವಾಗಿದ್ದರೆ ಬಾಗಿ ಮುರಿಯುತ್ತದೆ, ಲೆಕ್ಕವೂ ಅದರ ಜೊತೆಗೇ.

ನಮ್ಮ ಹಿರಿಯರು ಈ ಭಾಗಾಕಾರ ಮಾಡಿರಲಿಲ್ಲ. ಆದರೂ ಚಕ್ಕಡಿಯ ಗಾಲಿಯ ಕೆಳಗೆ ಚಪ್ಪಡಿ ಕಲ್ಲು ಕೊಡುತ್ತಿದ್ದರು, ಇಲ್ಲವೇ ಗಾಲಿ ಬಿಚ್ಚಿ ಕೊಟ್ಟಿಗೆಯೊಳಗೆ ಒರಗಿಸುತ್ತಿದ್ದರು. ಕಟ್ಟಿಗೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹತ್ತು ಸಲ ಹೀಗಾದರೆ ಅರಗಳು ಅಲುಗಾಡಿ, ಹಳಿ ಸಡಿಲಾಗುತ್ತದೆ. ಆಮೇಲೆ ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಸುರಿದು ಬಿಗಿಸುವ ಕೆಲಸ. ನೋಡಲು ಚೆಂದ, ಮಾಡುವವರಿಗೆ ಗೊತ್ತು.

ಈಗ ನಮ್ಮೂರಲ್ಲಿ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರ್ ಬಂದಿದೆ. ಅದನ್ನು ಜೂನ್‌ನಲ್ಲಿ ಹುಲ್ಲಿಗೆ ಬಿಟ್ಟು, ಗೋವಿನಜೋಳದ ರಾಶಿಗೆ ಎಳೆಯಹೋದರೆ ಗಾಲಿ ಗೇಣುದ್ದ ಹೂತಿರುತ್ತದೆ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ, ಇದು ಬ್ಯಾಂಕಿನಲ್ಲಿ ಕೂತವನ ಮಾತು. ಇನ್ನೊಂದು ಕಾಣದ ಕೇಡು ತಳದಲ್ಲಿದೆ. ಹುಲ್ಲಿನ ತೇವ ಮೇಲೆದ್ದು ತಣ್ಣನೆಯ ಕಬ್ಬಿಣಕ್ಕೆ ಹನಿಯಾಗಿ ಕೂರುತ್ತದೆ. ಅಲ್ಲಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ತುಕ್ಕಿಗೆ ಹಬ್ಬ. ಬೇರೆ ಜಾಗವೇ ಇಲ್ಲವೆಂದರೆ ಹುಲ್ಲು ಸವರಿ, ಜಲ್ಲಿ ಹರಡಿ, ಆಮೇಲೆ ಹಲಗೆ ಇಡಿ. ಪ್ಲಾಸ್ಟಿಕ್ ತಾಡಪತ್ರಿಯನ್ನು ನೆಲದವರೆಗೆ ಬಿಗಿಯಬೇಡಿ, ಗಾಳಿ ಆಡಬೇಕು.

ಮಗ ಊರಲ್ಲಿ ಬಿಟ್ಟುಹೋದ ಕಾರಿಗೂ ಇದೇ ಮಾತು. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ತುಕ್ಕು ಹಿಡಿದು ಅಂಟಿಕೊಳ್ಳಬಹುದು. ಸಮ ನೆಲದಲ್ಲಿ ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಡಿ. ತಿಂಗಳಿಗೊಮ್ಮೆ ತುಸು ಮುಂದೆ ಸರಿಸಿದರೆ ಟೈರು ಒಂದೇ ಕಡೆ ಚಪ್ಪಟೆಯಾಗದು. ಹಿಮ ಬೀಳುವ ದೇಶದವರಿಗೆ ಇನ್ನೊಂದು ಕೆಲಸ ಹೆಚ್ಚು: ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಪಾಲು ಹಿಗ್ಗಿ ಪೈಪು ಒಡೆಯುತ್ತದೆ, ಆದ್ದರಿಂದ ಟ್ಯಾಂಕು, ಪೈಪು ಎಲ್ಲ ಬರಿದು ಮಾಡಬೇಕು. ನೂರಕ್ಕೆ 9, ಬಡ್ಡಿಯ ದರದಂತೆ!

ಮಕ್ಕಳೇ, ಮುಂದಿನ ಮಳೆಗೆ ಎರಡು ಇಟ್ಟಿಗೆ ತೆಗೆದುಕೊಂಡು ಹಸಿ ಅಂಗಳದಲ್ಲಿ ಒಂದನ್ನು ನಿಲ್ಲಿಸಿ, ಒಂದನ್ನು ಮಲಗಿಸಿ. ಮರುದಿನ ಅಜ್ಜನನ್ನು ಕರೆದು, ಯಾವುದು ಎಷ್ಟು ಇಳಿದಿದೆ ಎಂದು ಪಟ್ಟಿ ಹಿಡಿದು ಅಳೆಯಿರಿ. ಎತ್ತರದ ಹುಲ್ಲಿಗೆ ಮಾತ್ರ ಕೈ ಹಾಕಬೇಡಿ, ಮಳೆಗಾಲದಲ್ಲಿ ಅಲ್ಲಿ ಹಾವುಗಳಿರುತ್ತವೆ.