ಮುಖದ ಆಕಾರವೋ, ಮೂಗಿನ ಅಳತೆಯೋ?

ಅನೇಕ ಕನ್ನಡಕದ ಅಂಗಡಿಗಳ ಗೋಡೆಯ ಮೇಲೆ ಒಂದು ಚಿತ್ರಪಟ ಕಾಣಸಿಗುತ್ತದೆ. ದುಂಡು ಮುಖಕ್ಕೆ ಆಯತಾಕಾರದ ಫ್ರೇಮ್, ಚೌಕ ಮುಖಕ್ಕೆ ದುಂಡಗಿನ ಫ್ರೇಮ್, ನೀಳ ಮುಖಕ್ಕೆ ಎತ್ತರ ಹೆಚ್ಚಿರುವ ಫ್ರೇಮ್, ಹಣೆ ಅಗಲವಾಗಿ ಗದ್ದ ಕಿರಿದಾದ ಮುಖಕ್ಕೆ ಕೆಳ ಅಂಚು ಹಗುರವಾದ ಫ್ರೇಮ್, ಅಂಡಾಕಾರದ ಮುಖಕ್ಕೆ ಯಾವುದಾದರೂ ಸರಿ ಎಂಬುದು ಅದರ ಸಾರ. ಗ್ರಾಹಕನನ್ನು ಕನ್ನಡಿಯ ಮುಂದೆ ಕೂರಿಸಿ, ಪಟದತ್ತ ಬೆರಳು ತೋರಿಸಿದರೆ ಐದೇ ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಪಟ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳದೆ ಬಿಡುವ ಸಂಗತಿಗಳಿಂದಲೇ ವರ್ತಕನಿಗೆ ನಷ್ಟ, ಗ್ರಾಹಕನಿಗೆ ತಲೆನೋವು.

ಮುಖದ ರೇಖೆಗಳಿಗೆ ಎದುರಾದ ರೇಖೆಗಳು ಮುಖಕ್ಕೆ ಸಮತೋಲನ ತರುತ್ತವೆ ಎಂಬ ತಿಳಿವಳಿಕೆಯಷ್ಟೇ ಈ ಪಟದ ಹಿಂದಿರುವ ಶಾಸ್ತ್ರ. ಅದು ಅಭಿರುಚಿಯ ಮಾತೇ ಹೊರತು ನಿಯಮವಲ್ಲ. ಡಾ. ಅಂಬೇಡ್ಕರರ ತುಂಬು ಮುಖದ ಮೇಲಿದ್ದದ್ದು ದುಂಡು ಕನ್ನಡಕ. ಪಟದ ಪ್ರಕಾರ ಅದು ತಪ್ಪು ಆಯ್ಕೆ! ಆದರೂ ಆ ಮುಖವನ್ನು ಬೇರೊಂದು ಫ್ರೇಮಿನೊಂದಿಗೆ ನೆನೆಯಲು ಇಂದು ಯಾರಿಂದಲೂ ಆಗದು.

ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ಅಚ್ಚಾಗಿರುತ್ತವೆ. ಉದಾಹರಣೆಗೆ 52, 18, 140. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಗ್ರಾಹಕರ ಮಾತು ಬಿಡಿ, ಮಾರಾಟಕ್ಕೆ ನಿಂತ ಹುಡುಗರಲ್ಲಿಯೂ ಎಷ್ಟು ಮಂದಿ ಇದನ್ನು ಓದಿ ಫ್ರೇಮ್ ಕೊಡುತ್ತಾರೆ ಎಂಬುದು ಅಂಗಡಿಯ ಮಾಲೀಕರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಅಂಕಿಗಳ ಮಹತ್ವ ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಮೇಲಿನ ಫ್ರೇಮಿನಲ್ಲಿ ಎರಡು ಗಾಜುಗಳ ಮಧ್ಯಬಿಂದುಗಳ ನಡುವಿನ ದೂರ 52 ಮತ್ತು 18 ಸೇರಿ 70 ಮಿ.ಮೀ. ಗ್ರಾಹಕನ ಎರಡು ಕಣ್ಣುಪಾಪೆಗಳ ನಡುವಿನ ದೂರ 62 ಮಿ.ಮೀ. ಆಗಿದ್ದರೆ ಪ್ರತಿ ಮಸೂರದ ಕೇಂದ್ರವನ್ನು 4 ಮಿ.ಮೀ.ನಷ್ಟು ಮೂಗಿನ ಕಡೆಗೆ ಸರಿಸಿ ಕೂರಿಸಬೇಕು. ಸಮೀಪದೃಷ್ಟಿಯ ಮೈನಸ್ 5 ಪವರಿನ ಗಾಜಾದರೆ ಹೊರ ಅಂಚು ದಪ್ಪಗಾಗಿ ಫ್ರೇಮಿನಿಂದ ಹೊರಗೆ ಇಣುಕುತ್ತದೆ. ಸರಿಸದೆ ಹಾಗೆಯೇ ಕೂರಿಸಿಬಿಟ್ಟರೆ ಪ್ರತಿ ಕಣ್ಣಿಗೂ 2 ಪ್ರಿಸಂ ಡಯಾಪ್ಟರಿನ ಅನವಶ್ಯಕ ಎಳೆತ ಬೀಳುತ್ತದೆ. ಆ ಗ್ರಾಹಕ ವಾರದೊಳಗೆ ಹಿಂದಿರುಗಿ, ಪವರ್ ತಪ್ಪಾಗಿದೆ ಎಂದು ದೂರುತ್ತಾನೆ. ಪವರ್ ಸರಿಯಾಗಿಯೇ ಇರುತ್ತದೆ, ತಪ್ಪಾಗಿರುವುದು ಕೇಂದ್ರ. ಅದೇ ವ್ಯಕ್ತಿಗೆ 46 ಅಥವಾ 48ರ ಗಾಜಿನ ಫ್ರೇಮ್ ತೋರಿಸಿದ್ದರೆ ಗಾಜು ತೆಳುವಾಗಿಯೂ ಹಗುರವಾಗಿಯೂ ಬರುತ್ತಿತ್ತು.

ಪಟದ ಸಲಹೆಯೇ ಕಣ್ಣಿಗೆ ತೊಡಕಾಗುವ ಸಂದರ್ಭವೂ ಉಂಟು. ಐವತ್ತು ದಾಟಿದ, ದುಂಡು ಮುಖದ ವರ್ತಕರೊಬ್ಬರು ದೂರಕ್ಕೂ ಲೆಕ್ಕದ ಪುಸ್ತಕಕ್ಕೂ ಒಂದೇ ಕನ್ನಡಕವಿರಲೆಂದು ಪ್ರೋಗ್ರೆಸಿವ್ ಗಾಜು ಬಯಸುತ್ತಾರೆ ಎನ್ನೋಣ. ಪಟ ಅವರಿಗೆ ಕಿರಿದಾದ ಆಯತಾಕಾರದ ಫ್ರೇಮ್ ಸೂಚಿಸುತ್ತದೆ. ಆದರೆ ಪ್ರೋಗ್ರೆಸಿವ್ ಗಾಜಿನಲ್ಲಿ ಓದುವ ಭಾಗ ಇರುವುದು ಕೆಳಗೆ. ಕಣ್ಣುಪಾಪೆಯಿಂದ ಗಾಜಿನ ಕೆಳ ಅಂಚಿನವರೆಗೆ, ಗಾಜಿನ ವಿನ್ಯಾಸವನ್ನು ಅನುಸರಿಸಿ, ಸಾಮಾನ್ಯವಾಗಿ 14ರಿಂದ 18 ಮಿ.ಮೀ. ಎತ್ತರವಾದರೂ ಬೇಕು. ಕಿರಿದಾದ ಫ್ರೇಮಿನಲ್ಲಿ ಆ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಸಾವಿರಾರು ರೂಪಾಯಿ ತೆತ್ತವರು ಬಿಲ್ಲಿನ ಅಂಕಿ ಓದಲು ಗದ್ದ ಮೇಲೆತ್ತಿ ಹೆಣಗಬೇಕಾಗುತ್ತದೆ. ಗಾಜನ್ನು ಮತ್ತೆ ಮಾಡಿಸುವ ಖರ್ಚು ಬಹುಪಾಲು ಅಂಗಡಿಯವನ ತಲೆಯ ಮೇಲೆಯೇ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದುದು ಮೂಗು. ಉನ್ನತವಾದ, ಕಿರಿದಾದ ಮೂಗಿನ ದಂಡೆಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಪ್ಲಾಸ್ಟಿಕ್ ಫ್ರೇಮುಗಳು ದಂಡೆ ತಗ್ಗಾಗಿರುವ ಅಥವಾ ಅಗಲವಾಗಿರುವ ಮೂಗಿನ ಮೇಲೆ ನಿಲ್ಲದೆ ಜಾರುತ್ತವೆ. ನಕ್ಕರೆ ಕೆನ್ನೆಗೆ ತಾಗುತ್ತವೆ. ಕೆಲವು ವಿದೇಶಿ ಕಂಪನಿಗಳು ಇದಕ್ಕೆಂದೇ ಬೇರೆ ಅಚ್ಚು ಮಾಡಿಸಿ, ಮೊದಲು ‘ಏಷ್ಯನ್ ಫಿಟ್’ ಎಂದೂ ಈಚೆಗೆ ‘ಲೋ ಬ್ರಿಡ್ಜ್ ಫಿಟ್’ ಎಂದೂ ಮಾರುತ್ತಿವೆ. ಭಾರತೀಯರ ಮೂಗು ಒಂದೇ ಬಗೆಯದಲ್ಲ. ಒಂದೇ ಮನೆಯಲ್ಲಿ ಮೂರು ಬಗೆ ಕಾಣಬಹುದು. ಆದ್ದರಿಂದ ಅಲುಗಿಸಿ ಹೊಂದಿಸಬಹುದಾದ ಪ್ಯಾಡುಗಳಿರುವ ಲೋಹದ ಫ್ರೇಮುಗಳನ್ನು ಹಳೆಯ ಫ್ಯಾಷನ್ ಎಂದು ಮೂಲೆಗೆ ತಳ್ಳುವುದು ಜಾಣತನವಲ್ಲ. ಇದರೊಂದಿಗೆ ಹವೆಯನ್ನೂ ಗಮನಿಸಬೇಕು. ಮಂಗಳೂರು, ಕಾರವಾರದ ಬೆವರಿನಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹದ ಅಗ್ಗದ ಫ್ರೇಮಿನ ಲೇಪನ ಸವೆದು ಪ್ಯಾಡಿನ ಬುಡದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ನಿಕ್ಕಲ್ ಒಗ್ಗದವರಿಗೆ ಚರ್ಮ ಕೆರೆತ ಬರುವುದೂ ಉಂಟು. ಅಂಥವರಿಗೆ ಟೈಟಾನಿಯಂ ಇಲ್ಲವೇ ಟಿಆರ್-90 ಎಂಬ ನೈಲಾನ್ ಜಾತಿಯ ಪ್ಲಾಸ್ಟಿಕ್ ಲೇಸು.

ಮಕ್ಕಳ ವಿಷಯದಲ್ಲಿ ಹೊಣೆ ಇನ್ನೂ ಹೆಚ್ಚು. ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ ಎಂದು ಶಾಲೆಯ ಸಮವಸ್ತ್ರ ಕೊಳ್ಳುವಂತೆ ಫ್ರೇಮ್ ಕೊಳ್ಳುವ ಪೋಷಕರಿದ್ದಾರೆ. ಮಗುವಿನ ಮೂಗಿನ ದಂಡೆ ಇನ್ನೂ ಬೆಳೆದಿರುವುದಿಲ್ಲ. ಕನ್ನಡಕ ಜಾರಿದಾಗ ಮಗು ಫ್ರೇಮಿನ ಮೇಲಿನಿಂದ ನೋಡುತ್ತದೆ. ಸೋಮಾರಿ ಕಣ್ಣಿನ ಚಿಕಿತ್ಸೆಗೆಂದು ಕನ್ನಡಕ ಬರೆದುಕೊಟ್ಟಿದ್ದರೆ ಆ ಚಿಕಿತ್ಸೆಯೇ ವ್ಯರ್ಥವಾಗುತ್ತದೆ. ಇಲ್ಲಿ ಪೋಷಕರಿಗೆ ‘ಬೇಡ’ ಎನ್ನುವ ಧೈರ್ಯ ವರ್ತಕನಿಗೆ ಇರಬೇಕು.

ಸ್ಪರ್ಧೆಯ ದೃಷ್ಟಿಯಿಂದಲೂ ಈ ಮಾತಿಗೆ ತೂಕವಿದೆ. ಟೈಟಾನ್ 2007ರಲ್ಲಿ ಕನ್ನಡಕದ ಮಳಿಗೆಗಳನ್ನು ತೆರೆಯಿತು. 2010ರಲ್ಲಿ ಲೆನ್ಸ್‌ಕಾರ್ಟ್ ಅಂತರಜಾಲದ ಮೂಲಕ ಬಂದಿತು. ಜಾಹೀರಾತಿನಲ್ಲಿ, ದಾಸ್ತಾನಿನಲ್ಲಿ, ರಿಯಾಯಿತಿಯಲ್ಲಿ ಒಂಟಿ ಅಂಗಡಿ ಇಂಥವರನ್ನು ಮೀರಿಸಲಾರದು. ಮುಖದ ಆಕಾರ ಗುರುತಿಸಿ ಫ್ರೇಮ್ ತೊಡಿಸಿ ತೋರಿಸುವ ಕೆಲಸವನ್ನು ಈಗ ಮೊಬೈಲ್ ಫೋನೇ ಮಾಡುತ್ತದೆ. ಪಟವನ್ನೇ ನಂಬಿದ ಅಂಗಡಿ ಅದರೊಡನೆ ಸ್ಪರ್ಧಿಸುವುದು ವೃಥಾ ಶ್ರಮ. ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಬಾಗಿಸುವ, ಇಕ್ಕಳದಿಂದ ಪ್ಯಾಡನ್ನು ಅರ್ಧ ಮಿಲಿಮೀಟರ್ ಒಳಗೆ ತರುವ ಕೈಗೆಲಸ ಫೋನಿಗೆ ಬಾರದು. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷ ಸರಿಪಡಿಸುವ ಕನ್ನಡಕಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಈ ಇಳಿಕೆ ಎಲ್ಲರಿಗೂ ಒಂದೇ. ಕೈಗೆಲಸ ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ.

ಇನ್ನು ತಯಾರಕರ ಪಾಲು. ಒಂದೇ ವಿನ್ಯಾಸವನ್ನು ಎಂಟು ಬಣ್ಣಗಳಲ್ಲಿ ಒದಗಿಸುವ ಸಗಟು ವ್ಯಾಪಾರಿ ಅದನ್ನೇ ಮೂರು ಅಳತೆಗಳಲ್ಲಿ ಒದಗಿಸುವುದು ಅಪರೂಪ. ಈ ಕೊರತೆಯೇ ಸಣ್ಣ ಉದ್ದಿಮೆದಾರನಿಗೆ ಅವಕಾಶ. ಟಿಆರ್-90 ಫ್ರೇಮ್ ತಯಾರಾಗುವುದು ಇಂಜೆಕ್ಷನ್ ಮೋಲ್ಡಿಂಗಿನಿಂದ; ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ ಅಚ್ಚು ಮತ್ತು ಡೈ ತಯಾರಿಕೆ ಹೊಸ ವಿದ್ಯೆಯಲ್ಲ. ನಿಖರವಾದ ಕೀಲು, ಸ್ಕ್ರೂ, ಮೇಲ್ಮೈ ಹೊಳಪಿನ ಕೆಲಸ ಕಷ್ಟದ್ದೇ ಸರಿ. ಚೀನಾದ ಬೆಲೆಗೆ ಎದುರು ನಿಲ್ಲುವುದೂ ಸುಲಭವಲ್ಲ. ಆದರೆ ಸಣ್ಣ ಘಟಕಗಳಿಂದ ಇದು ಆಗದು ಎನ್ನುವವರು ಜಪಾನಿನ ಸಬಾಯೆ ಪಟ್ಟಣವನ್ನು ನೋಡಬೇಕು. ಅಲ್ಲಿಯ ಫುಕುಯಿ ಸೀಮೆಯಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ ಕೆಲಸವಿಲ್ಲದ ರೈತರಿಗೆಂದು 1905ರಲ್ಲಿ ಮಸುನಾಗ ಗೊಜಾಎಮೊನ್ ಎಂಬವರು ಒಸಾಕಾದಿಂದ ಕುಶಲಕರ್ಮಿಗಳನ್ನು ಕರೆಸಿ ಫ್ರೇಮ್ ತಯಾರಿಕೆ ಆರಂಭಿಸಿದರು. ಇಂದು ಜಪಾನಿನಲ್ಲಿ ತಯಾರಾಗುವ ಫ್ರೇಮುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆ ಸೀಮೆಯವೇ. ಒಂದು ಮನೆ ಬೆಸುಗೆಗೆ, ಇನ್ನೊಂದು ಹೊಳಪಿಗೆ, ಮತ್ತೊಂದು ಲೇಪನಕ್ಕೆ ಎಂಬಂತೆ ಕೆಲಸ ಹಂಚಿಕೊಂಡ ಸಣ್ಣ ಘಟಕಗಳೇ ಅಲ್ಲಿಯ ಬಲ.

ಅಚ್ಚು ಮಾಡಿಸುವ ಮೊದಲು ತಯಾರಕನಿಗೆ ಬೇಕಾದುದು ಇಲ್ಲಿಯ ಮೂಗು, ಕೆನ್ನೆ, ಕಿವಿಗಳ ನಿಜವಾದ ಅಳತೆ. ಅದು ಅಂಗಡಿಗಳಲ್ಲಿ ದಿನವೂ ಕಣ್ಣ ಮುಂದೆಯೇ ಹಾದುಹೋಗುತ್ತಿದೆ. ಕಣ್ಣುಪಾಪೆಗಳ ಅಂತರ, ಕೊಟ್ಟ ಫ್ರೇಮಿನ ಮೂರು ಅಂಕಿಗಳು, ಹದಿನೈದು ದಿನಗಳ ನಂತರ ಫ್ರೇಮ್ ಜಾರಿತೇ ಇಲ್ಲವೇ ಎಂಬ ಒಂದು ಸಾಲು, ಇಷ್ಟನ್ನು ಗ್ರಾಹಕನ ಹೆಸರಿಲ್ಲದೆ ಪುಸ್ತಕದಲ್ಲಿ ಬರೆದಿಡಲು ಅಂಗಡಿಗೆ ಎರಡು ನಿಮಿಷ ಸಾಕು. ಹತ್ತು ಅಂಗಡಿಗಳು ಒಂದು ವರ್ಷ ಹೀಗೆ ಬರೆದಿಟ್ಟರೆ, ಯಾವ ಅಳತೆಯ ಅಚ್ಚಿಗೆ ಮೊದಲು ಹಣ ಹೂಡಬೇಕೆಂಬುದಕ್ಕೆ ಪೀಣ್ಯದ ಡೈ ತಯಾರಕನ ಬಳಿ ಆಧಾರವಿರುತ್ತದೆ.